ಅಂಗಡಿ ಬಿಟ್ಟುಕೊಟ್ಟು, ಅಡುಗೆಮನೆ ಉಳಿಸಿಕೊಂಡವರು

ಮೂಲ್ಕಿಯ ಹಣ್ಣಿನ ವ್ಯಾಪಾರಿಯೊಬ್ಬರ ಮಗ ರಘುನಂದನ ಕಾಮತ್ 1984ರ ಫೆಬ್ರುವರಿ 14ರಂದು ಮುಂಬೈನ ಜುಹುವಿನಲ್ಲಿ ಐಸ್‌ಕ್ರೀಮ್ ಅಂಗಡಿ ತೆರೆದಾಗ ಜೊತೆಗೆ ಪಾವ್‌ಭಾಜಿಯನ್ನೂ ಇಟ್ಟಿದ್ದರು. ಬರೀ ಐಸ್‌ಕ್ರೀಮ್ ತಿನ್ನಲು ಜನ ಮನೆ ಬಿಟ್ಟು ಬರುತ್ತಾರೆಂಬ ಧೈರ್ಯ ಆಗಿನ್ನೂ ಇರಲಿಲ್ಲ. ಖಾರದ ಪಾವ್‌ಭಾಜಿ ತಿಂದವರು ನಾಲಿಗೆ ತಣಿಸಿಕೊಳ್ಳಲು ಒಂದು ಕಪ್ ಐಸ್‌ಕ್ರೀಮ್ ಕೇಳಿಯೇ ಕೇಳುತ್ತಾರೆ ಎಂಬುದು ಲೆಕ್ಕಾಚಾರ. ಲೆಕ್ಕ ಸರಿಹೋಯಿತು. ವರ್ಷ ಕಳೆಯುವಷ್ಟರಲ್ಲಿ ಅವರು ಪಾವ್‌ಭಾಜಿಯ ಕಾವಲಿಯನ್ನು ಇಳಿಸಿಬಿಟ್ಟರು. ಗಿರಾಕಿಗಳನ್ನು ಕರೆತಂದ ಪದಾರ್ಥವನ್ನೇ ಕೈಬಿಡುವುದು ಸಣ್ಣ ಹೋಟೆಲಿನವರಿಗೆ ಸುಲಭದ ಮಾತಲ್ಲ.

ಆ ಅಂಗಡಿಯಿಂದ ಬೆಳೆದ ‘ನ್ಯಾಚುರಲ್ಸ್’ ಈಗ ದೇಶದ ಹಲವು ನಗರಗಳಲ್ಲಿ 150ಕ್ಕೂ ಹೆಚ್ಚು ಮಳಿಗೆಗಳನ್ನು ಹೊಂದಿದೆ. ಬಹುಪಾಲು ಮಳಿಗೆಗಳು ಫ್ರಾಂಚೈಸಿ ಪಡೆದವರವು. ಜಾಗ, ಸಿಬ್ಬಂದಿ, ಗಲ್ಲಾ ಎಲ್ಲ ಅವರದು. ಐಸ್‌ಕ್ರೀಮ್ ಮಾತ್ರ ಕಾಂದಿವಲಿಯಲ್ಲಿರುವ ಕಂಪನಿಯ ಕಾರ್ಖಾನೆಯಲ್ಲೇ ತಯಾರಾಗಿ ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಊರೂರಿಗೆ ಹೋಗುತ್ತದೆ. ಈ ಉದ್ಯಮದ ಬೆಳವಣಿಗೆಗೆ ರುಚಿ, ಪ್ರಚಾರ, ಅದೃಷ್ಟ ಎಂದು ನೂರು ಕಾರಣ ಕೊಡಬಹುದು. ಆದರೆ ನಾಯಕತ್ವದ ಪಾಠವೆಂದು ಹೆಕ್ಕುವುದಾದರೆ ಯಾವುದನ್ನು ಹೊರಗಿನವರ ಕೈಗೆ ಕೊಡಬೇಕು, ಯಾವುದನ್ನು ಏನೇ ಆದರೂ ಕೊಡಬಾರದು ಎಂದು ಅವರು ಎಳೆದ ಗೆರೆಯನ್ನೇ ಮೊದಲು ನೋಡಬೇಕು.

ಸೀತಾಫಲವನ್ನೇ ತೆಗೆದುಕೊಳ್ಳಿ. ಇಂದು ಗಟ್ಟಿಯಾಗಿರುವ ಹಣ್ಣು ನಾಳೆ ಒತ್ತಿದರೆ ಒಡೆಯುತ್ತದೆ, ನಾಡಿದ್ದು ಹುಳಿ ವಾಸನೆ ಹೊಡೆಯುತ್ತದೆ. ತಿರುಳಿಗಿಂತ ಬೀಜವೇ ಹೆಚ್ಚು. ಬೀಜ ಒಡೆದು ತಿರುಳಿಗೆ ಸೇರಿದರೆ ಇಡೀ ಪಾತ್ರೆ ಕಹಿ. ಕೈಯಲ್ಲಿ ಬಿಡಿಸುತ್ತಾ ಕೂತರೆ ಹತ್ತು ಕಿಲೋಗೇ ಹೊತ್ತು ಮುಳುಗುತ್ತದೆ. ಇಂಥ ಹಣ್ಣಿನ ತಿರುಳು ತೆಗೆಯಲು ಮಾರುಕಟ್ಟೆಯಲ್ಲಿ ಯಂತ್ರ ಸಿಗದಿದ್ದಾಗ ಕಾಮತ್ ತಾವೇ ನಿಂತು ಮಾಡಿಸಿಕೊಂಡರು. ಹಣ್ಣಿನ ಗುಣ ನೋಡಿ ಕೊಳ್ಳುವ ಕಣ್ಣು ತಂದೆಯ ವ್ಯಾಪಾರದಿಂದಲೇ ಬಂದಿತ್ತು. ಈ ಕಣ್ಣನ್ನೂ ಯಂತ್ರವನ್ನೂ ಪುಣೆಯಲ್ಲೋ ಬೆಂಗಳೂರಿನಲ್ಲೋ ಬಂಡವಾಳ ಹೂಡಿದವರಿಗೆ ಒಂದು ವಾರದ ತರಬೇತಿಯಲ್ಲಿ ದಾಟಿಸಲು ಆಗುವುದಿಲ್ಲ. ಕಪ್ಪಿಗೆ ಹಾಕಿಕೊಡುವುದನ್ನು, ನಗುಮೊಗದಿಂದ ಮಾತನಾಡಿಸುವುದನ್ನು, ಅಂಗಡಿ ತೊಳೆದಿಡುವುದನ್ನು ಕಲಿಸಬಹುದು. ಕಲಿಸಬಹುದಾದದ್ದನ್ನು ಅವರು ಕೊಟ್ಟರು, ಉಳಿದದ್ದನ್ನು ಇಟ್ಟುಕೊಂಡರು. ಇದಕ್ಕೆ ತೆತ್ತ ಬೆಲೆಯೂ ಇದೆ: ಅಡುಗೆಮನೆ ಒಂದೇ ಆದಾಗ ಬೆಳವಣಿಗೆ ಅದರ ವೇಗಕ್ಕೇ ಕಟ್ಟುಬೀಳುತ್ತದೆ, ದೂರದ ಊರಿಗೆ ಸಾಗಿಸುವ ಖರ್ಚೂ ಮೈಮೇಲೆ ಬರುತ್ತದೆ.

ಕರಾವಳಿಯವರಿಗೆ ಹೋಟೆಲು ಹಬ್ಬಿಸುವ ಇನ್ನೊಂದು ದಾರಿ ಮೊದಲೇ ಗೊತ್ತಿತ್ತು. ಊರಿನಿಂದ ಬಂದ ಹುಡುಗ ಲೋಟ ತೊಳೆದು, ಸಪ್ಲೈಯರ್ ಆಗಿ, ಗಲ್ಲಾದ ಮೇಲೆ ಕೂತು, ಕೊನೆಗೆ ಮಾವನದ್ದೋ ಭಾವನದ್ದೋ ನೆರವಿನಿಂದ ಮುಂದಿನ ಬೀದಿಯಲ್ಲಿ ಸ್ವಂತ ಹೋಟೆಲು ತೆರೆಯುತ್ತಿದ್ದ. ಮುಂಬೈ, ಚೆನ್ನೈ, ಬೆಂಗಳೂರುಗಳಲ್ಲಿ ಉಡುಪಿ ಹೋಟೆಲುಗಳು ಹರಡಿದ್ದು ಹೀಗೆ. ಒಪ್ಪಂದ ಇಲ್ಲ, ರಾಯಲ್ಟಿ ಇಲ್ಲ, ನೆಂಟಸ್ತನವೇ ಖಾತರಿ. ಸಾವಿರಾರು ಕುಟುಂಬಗಳನ್ನು ಮಾಲೀಕರನ್ನಾಗಿಸಿದ ಈ ಪದ್ಧತಿಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ‘ಉಡುಪಿ’ ಎಂಬ ಹೆಸರು ಯಾರ ಸ್ವತ್ತೂ ಆಗಲಿಲ್ಲ. ಹೆದ್ದಾರಿಯ ಬದಿಯಲ್ಲಿ ಆ ಬೋರ್ಡು ನೋಡಿ ಇಳಿದವರಿಗೆ ಸಿಹಿ ಸಾಂಬಾರ್ ಸಿಗುತ್ತದೋ ಗೋಬಿ ಮಂಚೂರಿ ಸಿಗುತ್ತದೋ ಹೇಳಬಲ್ಲವರಿಲ್ಲ. ದೂರು ಕೊಡಲು ಯಜಮಾನನೂ ಇಲ್ಲ!

ಫ್ರಾಂಚೈಸಿಯಲ್ಲಿ ಯಜಮಾನ ಇದ್ದಾನೆ. ಅವನ ಆದಾಯ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ಅವನ ನಡವಳಿಕೆ ನಿಂತಿದೆ. ಹೊಸ ಮಳಿಗೆ ತೆರೆಯುವವರು ಕೊಡುವ ಆರಂಭಿಕ ಶುಲ್ಕವೇ ಅವನ ಮುಖ್ಯ ಗಳಿಕೆಯಾದರೆ, ಮಳಿಗೆಗಳು ತೆರೆಯುತ್ತಲೇ ಇರಬೇಕು. ತೆರೆದವು ನಡೆದರೆಷ್ಟು, ಮುಚ್ಚಿದರೆಷ್ಟು. ಚಹಾ, ಬಿರಿಯಾನಿ, ದೋಸೆಯ ಹೆಸರಿನಲ್ಲಿ ನಮ್ಮ ನಗರಗಳಲ್ಲಿ ಎದ್ದು ಕೆಲವೇ ತಿಂಗಳಲ್ಲಿ ಶಟರ್ ಎಳೆದುಕೊಳ್ಳುವ ಎಷ್ಟೋ ಮಳಿಗೆಗಳ ಹಿಂದೆ ಈ ಗಣಿತ ಇದೆ. ದಿನದಿನದ ಮಾರಾಟದಿಂದಲೇ ಯಜಮಾನನಿಗೂ ಪಾಲು ಬರುವಂತಿದ್ದರೆ ಅವನ ನಿದ್ದೆ ಫ್ರಾಂಚೈಸಿಯವರ ಗಲ್ಲಾದ ಜೊತೆಗೇ ಕೆಡುತ್ತದೆ.

ಅಮೆರಿಕದಲ್ಲಿ ಕೋಳಿ ಖಾದ್ಯ ಮಾರುವ ಚಿಕ್-ಫಿಲ್-ಎ ಈ ತರ್ಕವನ್ನು ತುತ್ತತುದಿಗೆ ಒಯ್ದ ಕುಟುಂಬ ಸಂಸ್ಥೆ. ಟ್ರುಯೆಟ್ ಕ್ಯಾಥಿ 1946ರಲ್ಲಿ ಅಟ್ಲಾಂಟಾ ಬಳಿಯ ಹೇಪ್‌ವಿಲ್‌ನಲ್ಲಿ ಸಣ್ಣ ಹೋಟೆಲು ಶುರುಮಾಡಿ, 1967ರಲ್ಲಿ ಈ ಹೆಸರಿನ ಮೊದಲ ಮಳಿಗೆ ತೆರೆದವರು. ಅಲ್ಲಿ ಆರಂಭಿಕ ಶುಲ್ಕ ಬರೀ 10,000 ಡಾಲರ್. ಜಾಗ, ಕಟ್ಟಡ, ಉಪಕರಣ ಎಲ್ಲವನ್ನೂ ಕಂಪನಿಯೇ ಒದಗಿಸಿ ಮಾರಾಟದಲ್ಲೂ ಲಾಭದಲ್ಲೂ ದೊಡ್ಡ ಪಾಲು ಎತ್ತಿಕೊಳ್ಳುತ್ತದೆ. ಹಣವಂತರು ಹತ್ತಾರು ಮಳಿಗೆ ಹಿಡಿದು ಮನೆಯಲ್ಲಿ ಕೂರುವಂತಿಲ್ಲ; ಅಂಗಡಿ ನಡೆಸುವವರು ಅಂಗಡಿಯಲ್ಲೇ ಇರಬೇಕು. ಮಳಿಗೆಯನ್ನು ಮಾರುವ, ಮಕ್ಕಳಿಗೆ ಬರೆದುಕೊಡುವ ಹಕ್ಕೂ ಇಲ್ಲ. ಕ್ಯಾಥಿ ಧಾರ್ಮಿಕ ಶ್ರದ್ಧೆಯಿಂದ ಹಾಕಿಕೊಂಡ ಭಾನುವಾರದ ರಜೆ ಇವತ್ತಿಗೂ ನಡೆದಿದೆ. ವಾರದ ಒಳ್ಳೆಯ ವ್ಯಾಪಾರದ ದಿನವನ್ನು ಬಿಟ್ಟುಕೊಡುವ ಇಂಥ ಹಟ ಷೇರುದಾರರಿಗೆ ಉತ್ತರ ಹೇಳಬೇಕಾದ ಕಂಪನಿಗೆ ಕಷ್ಟ. ಬಾಗಿಲು ಇಷ್ಟು ಬಿಗಿಯಾಗಿದ್ದರೂ ಅಲ್ಲಿ ಅರ್ಜಿ ಹಾಕುವವರ ಸಾಲು ಕರಗುವುದಿಲ್ಲ.

ಇಷ್ಟಾಗಿಯೂ ಕುಟುಂಬದ ಆಹಾರ ಉದ್ಯಮಗಳು ಎಡವಿದ್ದು ಹೊರಗಿನವರಿಂದ ಕಡಿಮೆ, ಮನೆಯೊಳಗಿನಿಂದ ಹೆಚ್ಚು. ಫ್ರಾಂಚೈಸಿ ಪಡೆಯುವ ಅಪರಿಚಿತರಿಗೆ ನೂರು ಪುಟದ ಒಪ್ಪಂದ ಇರುತ್ತದೆ: ಎಷ್ಟು ವರ್ಷ, ಯಾವ ಪ್ರದೇಶ, ಹೆಸರನ್ನು ಎಲ್ಲಿ ಬಳಸಬಹುದು, ತಪ್ಪಿದರೆ ಏನು. ಅಣ್ಣತಮ್ಮಂದಿರ ನಡುವೆ ಎಷ್ಟೋ ಸಲ ಒಂದು ಹಾಳೆಯೂ ಇರುವುದಿಲ್ಲ. ‘ನಮ್ಮನಮ್ಮಲ್ಲಿ ಯಾಕೆ ಕಾಗದಪತ್ರ’ ಎಂಬ ಮಾತು ಮುಂದಿನ ತಲೆಮಾರಿಗೆ ಕೋರ್ಟಿನ ದಾರಿ ತೋರಿಸುತ್ತದೆ.

ಬಿಕಾನೇರ್‌ನ ಹಲ್ದಿರಾಮ್ ಕುಟುಂಬ ಕೋಲ್ಕತ್ತ, ನಾಗಪುರ, ದೆಹಲಿ ಎಂದು ಕವಲೊಡೆದಾಗ ಆದದ್ದು ಇದೇ. ಭುಜಿಯಾ ಮಾಡುವ ಹದ ಎಲ್ಲರಿಗೂ ಗೊತ್ತಿತ್ತು, ಹೆಸರು ಯಾರದೆಂಬುದೇ ಇತ್ಯರ್ಥವಾಗಿರಲಿಲ್ಲ. ದೆಹಲಿ ಮತ್ತು ಕೋಲ್ಕತ್ತದ ಕವಲುಗಳು ವರ್ಷಗಟ್ಟಲೆ ನ್ಯಾಯಾಲಯ ಅಲೆದವು. ದೆಹಲಿ ಮತ್ತು ನಾಗಪುರದವರು ತಿಂಡಿ ಪೊಟ್ಟಣಗಳ ವ್ಯವಹಾರವನ್ನು ಒಂದೇ ಕಂಪನಿಯಡಿ ತರಲು ಹೊರಟಾಗ ಫಲ ಕಾಣಿಸಿತು: 2025ರಲ್ಲಿ ಸಿಂಗಪುರದ ಹೂಡಿಕೆ ಸಂಸ್ಥೆ ಟೆಮಾಸೆಕ್ ಸುಮಾರು 1,000 ಕೋಟಿ ಡಾಲರ್ ಮೌಲ್ಯ ಕಟ್ಟಿ ಅದರಲ್ಲಿ ಪಾಲು ಪಡೆಯಿತು.

ಬೆಂಗಳೂರಿನ ಎಂಟಿಆರ್ ಕಥೆ ಇದಕ್ಕಿಂತ ತಣ್ಣಗಿನದು, ಒಂದರ್ಥದಲ್ಲಿ ಜಾಣತನದ್ದು. ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಹೋಟೆಲು ಒಂದು ಕವಲಿಗೆ, ಪುಡಿ ಮತ್ತು ಮಿಕ್ಸ್‌ಗಳ ಎಂಟಿಆರ್ ಫುಡ್ಸ್ ಇನ್ನೊಂದು ಕವಲಿಗೆ ಎಂದು ಹಂಚಿಕೆಯಾಯಿತು. 2007ರಲ್ಲಿ ಎಂಟಿಆರ್ ಫುಡ್ಸ್ ನಾರ್ವೆಯ ಓರ್ಕ್ಲಾ ಪಾಲಾದಾಗಲೂ ಲಾಲ್‌ಬಾಗ್ ಬಳಿಯ ಹೋಟೆಲು ಕುಟುಂಬದಲ್ಲೇ ಉಳಿಯಿತು. ಕಂಪನಿ ಮಾರಿದ ಸದಾನಂದ ಮಯ್ಯ ಮುಂದೆ ‘ಮಯ್ಯಾಸ್’ ಎಂಬ ಬೇರೆ ಹೆಸರಿನಲ್ಲಿ ಮೊದಲಿನಿಂದ ಕಟ್ಟಬೇಕಾಯಿತು. ತಂದೆ ಹರಿಶ್ಚಂದ್ರ ಮಯ್ಯರ ನಂತರ ಹೋಟೆಲಿನ ಹೊಣೆ ಹೊತ್ತ ಹೇಮಮಾಲಿನಿ ಮಯ್ಯ ಮತ್ತು ಸಹೋದರರು ಅದನ್ನು ಸಿಂಗಪುರ, ದುಬೈಗಳವರೆಗೂ ಒಯ್ದರು, ಅವಸರ ಮಾಡಲಿಲ್ಲ.

ವಾರಸುದಾರರನ್ನು ತಯಾರು ಮಾಡುವ ರೀತಿಯಲ್ಲೂ ಕಲಿಯುವುದಿದೆ. 2021ರಲ್ಲಿ ಚಿಕ್-ಫಿಲ್-ಎ ಮುಖ್ಯಸ್ಥರಾದ ಆಂಡ್ರ್ಯೂ ಕ್ಯಾಥಿ ಸ್ಥಾಪಕರ ಮೊಮ್ಮಗ. ಅವರು ವೃತ್ತಿ ಆರಂಭಿಸಿದ್ದು ಫ್ಲಾರಿಡಾದ ಮಳಿಗೆಯೊಂದನ್ನು ನಡೆಸುವ ಮೂಲಕ. ಕೋಳಿ ಬೇಯಿಸುವ ಎಣ್ಣೆಯ ಬಿಸಿ, ರಜೆ ಹಾಕಿದ ಹುಡುಗನ ಜಾಗಕ್ಕೆ ತಾನೇ ನಿಲ್ಲುವ ಸಂಕಟ ಗೊತ್ತಿಲ್ಲದ ಯಜಮಾನನ ಸುತ್ತೋಲೆಯನ್ನು ಮಳಿಗೆಯವರು ಓದುತ್ತಾರೆ, ಪಾಲಿಸುವುದಿಲ್ಲ. ರಘುನಂದನ ಕಾಮತ್ 2024ರ ಮೇನಲ್ಲಿ ತೀರಿಕೊಂಡರು. ಮಕ್ಕಳು ಅವರ ಜೀವಿತಕಾಲದಲ್ಲೇ ವ್ಯವಹಾರಕ್ಕೆ ಇಳಿದಿದ್ದರು. ಒಂದೇ ಅಡುಗೆಮನೆಯ ನಿಯಮವನ್ನು ಇನ್ನೆಷ್ಟು ಮಳಿಗೆಗಳವರೆಗೆ ಕಾಯಬಹುದು ಎಂಬ ತೀರ್ಮಾನ ಈಗ ಅವರದು.

ಇಷ್ಟೆಲ್ಲವನ್ನೂ ಯಜಮಾನರ ಒಳ್ಳೆಯತನಕ್ಕೇ ಬಿಡಬೇಕೆ ಎಂಬ ಪ್ರಶ್ನೆ ಉಳಿದಿದೆ. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. 1872ರ ಗುತ್ತಿಗೆ ಕಾಯ್ದೆ, 1999ರ ಟ್ರೇಡ್‌ಮಾರ್ಕ್ ಕಾಯ್ದೆಗಳಲ್ಲೇ ಕೆಲಸ ಸಾಗುತ್ತಿದೆ. ಅಮೆರಿಕದಲ್ಲಿ 1979ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಫ್ರಾಂಚೈಸಿ ಮಾರುವವರು ಹಣ ಪಡೆಯುವ ಮೊದಲೇ ತಮ್ಮ ವ್ಯವಹಾರದ ವಿವರ ಒಪ್ಪಿಸಬೇಕು. ಹಿಂದಿನ ಮೂರು ವರ್ಷಗಳಲ್ಲಿ ಎಷ್ಟು ಮಳಿಗೆ ತೆರೆದವು, ಎಷ್ಟು ಮುಚ್ಚಿದವು ಎಂಬ ಪಟ್ಟಿ ಈಗ ಅದರಲ್ಲಿ ಸೇರಿದೆ. ನಿವೃತ್ತಿಯ ದುಡ್ಡನ್ನೋ ಊರಿನ ಜಮೀನು ಮಾರಿದ್ದನ್ನೋ ತಂದು ಮಳಿಗೆ ತೆರೆಯುವವರಿಗೆ ನಮ್ಮಲ್ಲಿ ಸಿಗುವುದು ಬಣ್ಣದ ಕರಪತ್ರ, ಅದರಲ್ಲಿ ತೆರೆದ ಮಳಿಗೆಗಳ ಸಂಖ್ಯೆಯಷ್ಟೇ. ಮುಚ್ಚಿದ ಮಳಿಗೆಗಳ ಪಟ್ಟಿ ಕಡ್ಡಾಯವಾಗುವವರೆಗೂ ಕಾಯದೆ, ನಾಲ್ಕು ದಶಕ ಹೆಸರು ಕಾಪಾಡಿಕೊಂಡ ಕುಟುಂಬಗಳು ಅದನ್ನು ತಾವಾಗಿಯೇ ಮುಂದಿಟ್ಟರೆ, ಉಳಿದವರೂ ಹಣ ಹೂಡುವವರ ಮುಂದೆ ಅದನ್ನು ಬಿಚ್ಚಬೇಕಾಗುತ್ತದೆ.