ರಕ್ತ ಗುಣವಾಯಿತು, ಹೃದಯದ ಲೆಕ್ಕ ಎಲ್ಲಿ?

ಹೋದ ವರ್ಷ ನನ್ನ ಅಣ್ಣನ ಮಗಳು ಬೆಂಗಳೂರಿನಿಂದ ಕೆಲಸಕ್ಕೆಂದು ಓಕ್ಲ್ಯಾಂಡಿಗೆ ಬಂದು ನಮ್ಮ ಮನೆಯಲ್ಲಿಯೇ ಇಳಿದಳು. ಒಂಬತ್ತನೆಯ ವಯಸ್ಸಿನಲ್ಲಿ ಅವಳಿಗೆ ತೀವ್ರ ಲ್ಯೂಕೀಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಬಂದು ದೇವರ ದಯೆಯಿಂದ ಗುಣವಾಗಿತ್ತು. ಇಲ್ಲಿಯ ಡಾಕ್ಟರು ಮೊದಲು ಕೇಳಿದ್ದು, "ಡೌನೊರುಬಿಸಿನ್ ಒಟ್ಟು ಎಷ್ಟು ಕೊಟ್ಟಿದ್ದರು?" ಎಂದು. ಹುಡುಗಿಗೆ ಗೊತ್ತಿಲ್ಲ. ಅಣ್ಣನಿಗೆ ಫೋನು ಮಾಡಿದೆ. "ಆ ಫೈಲು ಮನೆ ಬದಲಾಯಿಸುವಾಗ ಕಳೆದುಹೋಯಿತು ಕಣೋ. ಗುಣವಾಯಿತಲ್ಲ, ಇನ್ನೇತಕ್ಕೆ ಅಂತ ಹುಡುಕಲೂ ಇಲ್ಲ" ಎಂದ.

ಈ "ಇನ್ನೇತಕ್ಕೆ" ಎಂಬ ಮಾತಿನ ಮೇಲೆಯೇ ನನ್ನ ತಕರಾರು. ನಾನು ವೈದ್ಯನಲ್ಲ, ಓದಿ, ಬಲ್ಲವರನ್ನು ಕೇಳಿ ತಿಳಿದದ್ದನ್ನು ಸದಸ್ಯ ಬಂಧುಗಳ ಮುಂದಿಡುತ್ತಿದ್ದೇನೆ.

ಡೌನೊರುಬಿಸಿನ್ ಇಟಲಿಯ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಬಂದ ಕೆಂಪು ಬಣ್ಣದ ಔಷಧ. ಇದನ್ನು ಮೂರು ದಿನ, ಸೈಟರಬಿನ್ ಎಂಬುದನ್ನು ಏಳು ದಿನ ಕೊಡುವ ಕ್ರಮ 1973ರಷ್ಟು ಹಳೆಯದು. ದೊಡ್ಡವರ ಒಂದು ಬಗೆಯ ತೀವ್ರ ಲ್ಯೂಕೀಮಿಯಾಕ್ಕೆ ಇಂದಿಗೂ ಅದೇ ಆಧಾರ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಆರಂಭವಾದದ್ದೂ ಅದೇ ವರ್ಷ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯಲ್ಲಿ ಈ ದೇಶದಲ್ಲಿ ಈಗ ನೂರಕ್ಕೆ ಸುಮಾರು 90 ಮಕ್ಕಳು ಬದುಕುತ್ತಾರೆ. ಆದರೆ ರೋಗವನ್ನು ಕೊಲ್ಲುವ ಈ ಔಷಧವೇ ಹೃದಯದ ಸ್ನಾಯುವಿಗೂ ಪೆಟ್ಟು ಕೊಡಬಲ್ಲದು. ಒಟ್ಟು ಪ್ರಮಾಣ ಏರಿದಂತೆ ಅಪಾಯವೂ ಏರುತ್ತದೆ. ಪೆಟ್ಟು ಕೆಲವೊಮ್ಮೆ ಹತ್ತಿಪ್ಪತ್ತು ವರ್ಷಗಳ ಮೇಲೆ ತಲೆದೋರುತ್ತದೆ. ಚಿಕಿತ್ಸೆಯ ನಡುವೆಯೇ ಹೃದಯ ಸೋತರೆ ಔಷಧವನ್ನು ಪೂರ್ತಿ ಕೊಡಲಾಗದೆ, ರಕ್ತದ ರೋಗವೂ ಗೆದ್ದೀತು.

ಇದನ್ನು ಮುಂಚೆಯೇ ಅರಿಯಲು ರಕ್ತಪರೀಕ್ಷೆಗಳಿವೆ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಟ್ರೊಪೊನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಹೃದಯದ ಗೋಡೆ ಹಿಗ್ಗಿದರೆ ಬಿ.ಎನ್.ಪಿ. ಏರುತ್ತದೆ. ಇಟಲಿಯ ಮಿಲಾನಿನ ವೈದ್ಯರು ಬೇರೆ ಬೇರೆ ಕ್ಯಾನ್ಸರಿನ 703 ರೋಗಿಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಟ್ರೊಪೊನಿನ್ ಏರದವರ ಪೈಕಿ ನೂರಕ್ಕೆ ಒಬ್ಬರಿಗೆ ಹೃದಯದ ತೊಂದರೆಯಾಯಿತು. ಏರಿ, ತಿಂಗಳಾದರೂ ಇಳಿಯದವರಲ್ಲಿ ನೂರಕ್ಕೆ 84 ಮಂದಿಗೆ. ಅಪಾಯ ಹೆಚ್ಚಿರುವವರಿಗೆ ಔಷಧ ಆರಂಭಿಸುವ ಮೊದಲೇ ಈ ಪರೀಕ್ಷೆಗಳು ಆಗಬೇಕೆಂದು ಯೂರೋಪಿನ ಹೃದ್ರೋಗ ತಜ್ಞರು 2022ರಲ್ಲಿ ಸಲಹೆಯಿತ್ತಿದ್ದಾರೆ. ಬೇಗ ತಿಳಿದರೆ ಹೃದಯಕ್ಕೂ ಔಷಧ ಆರಂಭಿಸಬಹುದು.

ಆದರೆ ಅಂಕಿ ನೋಡಿ ಹೌಹಾರಬಾರದು. ಜ್ವರ ನಂಜೇರಿದರೂ, ಮೂತ್ರಪಿಂಡ ಸೋತರೂ ಟ್ರೊಪೊನಿನ್ ಏರುತ್ತದೆ. ಲ್ಯೂಕೀಮಿಯಾ ರೋಗಿಗೆ ಇವೆರಡೂ ಅಪರೂಪವಲ್ಲ. ಅಂಕಿ ಸರಿಯಿದೆಯೆಂದು ನಿಶ್ಚಿಂತರಾಗುವುದೂ ತಪ್ಪು. ಬಾಲ್ಯದಲ್ಲಿ ಈ ಔಷಧ ಹೆಚ್ಚಾಗಿ ಪಡೆದವರಿಗೆ ಎರಡು ವರ್ಷಕ್ಕೊಮ್ಮೆ ಎಕೊ ಪರೀಕ್ಷೆ ಬೇಕೆನ್ನುತ್ತಾರೆ. ಅದಕ್ಕೇ ಡಾಕ್ಟರು ಮೊದಲು ಆ ಲೆಕ್ಕ ಕೇಳಿದ್ದು.

ಊರಿನಲ್ಲಿ ತಂದೆತಾಯಿಗೆ ಈ ರೋಗ ಬಂದರೆ ನಾವು ಮಾಡುವುದೇನು? ಹಣ ಕಳಿಸುತ್ತೇವೆ, ವಿಮಾನದ ಟಿಕೆಟ್ ಕೊಳ್ಳುತ್ತೇವೆ. ಅವರಿಗೆ ಬಿ.ಪಿ., ಸಕ್ಕರೆ ಕಾಯಿಲೆ ಮೊದಲೇ ಇದ್ದರೆ ಹೃದಯಕ್ಕೆ ಅಪಾಯ ಇನ್ನೂ ಹೆಚ್ಚು. ಹಣದ ಜೊತೆಗೆ ಮೂರು ಪ್ರಶ್ನೆಗಳನ್ನೂ ಕಳಿಸೋಣ: ಔಷಧಕ್ಕೆ ಮೊದಲು ಎಕೊ ಮತ್ತು ರಕ್ತಪರೀಕ್ಷೆ ಆಯಿತೆ? ಔಷಧದ ಹೆಸರೇನು, ಒಟ್ಟು ಎಷ್ಟು? ಮುಂದಿನ ಹೃದಯ ಪರೀಕ್ಷೆ ಯಾವಾಗ? ಉತ್ತರ ಬರೆದ ಹಾಳೆಯ ಒಂದು ಪ್ರತಿ ಅಲ್ಲಿರಲಿ, ಒಂದು ಇಲ್ಲಿರಲಿ. ಗಡ್ಡಕ್ಕೆ ಬೆಂಕಿ ಹತ್ತಿದಾಗ ಬಾವಿ ತೋಡುವುದು ಬೇಡ.

ನಮ್ಮ ಹುಡುಗಿಯ ಎಕೊ ಸದ್ಯಕ್ಕೆ ಚೆನ್ನಾಗಿಯೇ ಬಂದಿದೆ. ಆ ಕಾಗದವನ್ನು ಅವಳು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಂಡಿದ್ದಾಳೆ. ಹಳೆಯ ಲೆಕ್ಕ ಮಾತ್ರ ಇನ್ನೂ ಸಿಕ್ಕಿಲ್ಲ. ಅಣ್ಣ ಈಗ ಹುಡುಕುತ್ತಿದ್ದಾನೆ.