ತಿಳಿನೀರಿನ ಮೋಸ

ಸೊಲ್ಲಾಪುರದಿಂದ ವಾಚಕ ಸೋದರಿಯೊಬ್ಬರು ಬರೆದಿದ್ದಾರೆ. ಮಗನ ಹಟಕ್ಕೆ ಮಣಿದು ಮನೆಯಲ್ಲಿ ಕಡಲಮೀನಿನ ಗಾಜಿನ ತೊಟ್ಟಿಯೊಂದನ್ನು ಇರಿಸಿದರಂತೆ. ಅಂಗಡಿಯವನು ಹೇಳಿದಂತೆ ಉಪ್ಪು ಕಲಸಿ ಮರುದಿನವೇ ಐದು ಮೀನುಗಳನ್ನು ಬಿಟ್ಟರಂತೆ. ಹತ್ತು ದಿನಗಳೊಳಗೆ ಐದೂ ತೀರಿಹೋದವು. "ನೀರು ಗಾಜಿನಷ್ಟೇ ತಿಳಿಯಾಗಿತ್ತು, ಒಂದು ಕಸ ಕೂಡ ಇರಲಿಲ್ಲ, ನಮ್ಮಿಂದಾದ ತಪ್ಪೇನು?" ಎಂಬುದು ಅವರ ಪ್ರಶ್ನೆ. ಹುಡುಗ ಎರಡು ದಿನ ಸರಿಯಾಗಿ ಉಣ್ಣಲಿಲ್ಲವೆಂಬ ಮಾತನ್ನೂ ಪತ್ರದ ಕೊನೆಗೆ ಸೇರಿಸಿದ್ದಾರೆ.

ಈ ಪ್ರಶ್ನೆಗೆ ಉತ್ತರ ಹೇಳುವ ಅರ್ಹತೆ ನಮಗೆ ಬಂದುದು ಓದಿನಿಂದಲ್ಲ. ನಾವೂ ಆರು ಮೀನುಗಳನ್ನು ಕೊಂದವರು. ಈವರೆಗೆ ಈ ಅಂಕಣದಲ್ಲಿ ಹೇಳದೆ ಉಳಿಸಿಕೊಂಡಿದ್ದ ಸಂಗತಿಯಿದು. ಸೋದರಿಯ ಪತ್ರ ಬಂದ ಮೇಲೆ ಬಚ್ಚಿಡುವುದು ಸರಿಯೆನಿಸಲಿಲ್ಲ.

ನಮ್ಮ ಶಾಲೆ ಕುಂಬಳೆಗೂ ಮಂಜೇಶ್ವರಕ್ಕೂ ನಡುವಣ ಕಡಲ ಬದಿಯ ಹಳ್ಳಿಯಲ್ಲಿದೆ. ಕನ್ನಡ ಮಾಧ್ಯಮದ ಶಾಲೆಗಳ ಮುಖ್ಯೋಪಾಧ್ಯಾಯರಿಗೆ ಜೂನ್ ತಿಂಗಳೆಂದರೆ ಏನೆಂಬುದನ್ನು ಕಾಸರಗೋಡಿನ ವಾಚಕರಿಗೆ ವಿವರಿಸಬೇಕಾಗಿಲ್ಲ. ದೂರದವರಿಗಾಗಿ ಒಂದು ಮಾತು. ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆಯೆಣಿಕೆ ನಡೆಯುತ್ತದೆ. ಆ ಎಣಿಕೆಯ ಮೇಲೆ ತರಗತಿಗಳು ಉಳಿಯುತ್ತವೆ ಅಥವಾ ಅಳಿಯುತ್ತವೆ. ಅಧ್ಯಾಪಕರ ಹುದ್ದೆಗಳೂ ಹಾಗೆಯೇ. 2024ರಲ್ಲಿ ನಮ್ಮ ಒಂದನೆಯ ತರಗತಿಯ ಸ್ಥಿತಿ ದಡ–ಮಡುಗಳ ನಡುವೆ ಇತ್ತು. ಆಗ ಕೊಲ್ಲಿ ದೇಶದಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ರಜೆಯಲ್ಲಿ ಬಂದವರು, "ಮಕ್ಕಳನ್ನು ಸೆಳೆಯುವಂಥದ್ದೇನಾದರೂ ಇರಲಿ ಮಾಷ್ಟ್ರೇ" ಎಂದು ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಯನ್ನೂ ಕಡಲುಪ್ಪಿನ ಪುಡಿಯನ್ನೂ ಆರು ಮೀನುಗಳನ್ನೂ ಕೊಡಿಸಿದರು. ಸುಮಾರು 250 ಲೀಟರ್ ಹಿಡಿಯುವ ಆ ತೊಟ್ಟಿಯನ್ನು ಶಾಲೆ ತೆರೆಯುವ ಹಿಂದಿನ ಶನಿವಾರ ತುಂಬಿಸಿ, ಪ್ರವೇಶೋತ್ಸವದ ಬೆಳಗ್ಗೆ ಮೀನುಗಳನ್ನು ಬಿಟ್ಟೆವು. ಮೇಲಿನ ರಸ್ತೆಯ ಆಂಗ್ಲ ಮಾಧ್ಯಮ ಶಾಲೆಗೆ ಹೊರಟಿದ್ದ ಒಬ್ಬ ಹುಡುಗ ಕಿಟಕಿಯಿಂದ ಮೀನುಗಳನ್ನು ಕಂಡು, ತಾಯಿಯ ಸೆರಗನ್ನು ಹಿಡಿದೆಳೆದು, ನಮ್ಮಲ್ಲಿಯೇ ಸೇರಿದನು. ನಮಗಾದ ಹಿಗ್ಗನ್ನು ಹೇಳತೀರದು.

ಐದನೆಯ ದಿನ ಮಧ್ಯಾಹ್ನ ಎರಡು ಮೀನುಗಳು ಸತ್ತು ತೇಲಿದವು. ಉಳಿದ ನಾಲ್ಕು ನೀರಿನ ಮೇಲ್ಗಡೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಮೂವತ್ತು ವರ್ಷಗಳಿಂದ ಶುಚಿತ್ವದ ಪಾಠ ಹೇಳಿದ ನಮಗೆ ಹೊಳೆದುದು ಒಂದೇ: ಎಲ್ಲವನ್ನೂ ತೊಳೆಯಬೇಕು. ನೀರನ್ನೆಲ್ಲ ಚೆಲ್ಲಿಸಿದೆವು. ಮರಳನ್ನು ಬಕೆಟ್ಟಿನಲ್ಲಿ ಹಾಕಿ ತಿಕ್ಕಿಸಿದೆವು. ಸೋಸುವ ಸ್ಪಂಜನ್ನು ನಳದ ಕೆಳಗೆ ಹಿಡಿದು, ಕಂದು ನೀರು ಹೋಗಿ ಬಿಳಿ ನೀರು ಬರುವವರೆಗೆ ನಾವೇ ಸ್ವತಃ ಹಿಂಡಿದೆವು. ಉಪ್ಪಿನ ಪುಡಿ ಸಾಲದೆ ಬಂದುದರಿಂದ, ಕಡಲು ಇಲ್ಲೇ ಇದೆಯಲ್ಲ ಎಂದುಕೊಂಡು, ಅಳಿವೆಯ ಬಳಿಯಿಂದ ಕ್ಯಾನುಗಳಲ್ಲಿ ನೀರು ತರಿಸಿ ತುಂಬಿದೆವು. ಸಂಜೆ ಬೀಗ ಹಾಕುವಾಗ ತೊಟ್ಟಿ ಹೊಸ ಕನ್ನಡಿಯಂತೆ ಹೊಳೆಯುತ್ತಿತ್ತು.

ಬೆಳಗ್ಗೆ ನಾಲ್ಕೂ ಸತ್ತಿದ್ದವು. ಅಂದು ಎಣಿಕೆಯ ದಿನ.

ನಾವು ಆಗ ಮಾಡಿದ ಕೆಲಸವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಮಕ್ಕಳು ಬರುವ ಮುನ್ನ ಮೀನುಗಳನ್ನು ತೆಂಗಿನ ಬುಡದಲ್ಲಿ ಹೂಳಿಸಿ, ತೊಟ್ಟಿಯ ಮೇಲೆ ವಾರ್ಷಿಕೋತ್ಸವದ ಪರದೆಯನ್ನು ಹೊದಿಸಿದೆವು. ಆ ಹುಡುಗ ಬಂದವನು ಪರದೆಯ ಮುಂದೆ ನಿಂತು "ಮೀನು ಎಲ್ಲಿ ಮಾಷ್ಟ್ರೇ?" ಎಂದು ಕೇಳಿದಾಗ "ಮಲಗಿವೆ ಮಗಾ" ಎಂದೆವು. ಎಣಿಕೆಯಲ್ಲಿ ಅವನೂ ಸೇರಿದನು. ತರಗತಿ ಉಳಿಯಿತು.

ನಾಲ್ಕು ದಿನ ಪರದೆ ಹಾಗೆಯೇ ಇತ್ತು. ಮೊಮ್ಮಗಳನ್ನು ಕರೆದೊಯ್ಯಲು ಬಂದ ಮೊಗವೀರ ಅಜ್ಜನೊಬ್ಬರು ಅದನ್ನು ಎತ್ತಿ ನೋಡಿ, ನಡೆದುದನ್ನು ಕೇಳಿ ತಿಳಿದು ನಕ್ಕರು. ಅವರು ತುಳುವಿನಲ್ಲಿ ಹೇಳಿದುದರ ಸಾರವಿಷ್ಟು: ಹೊಸದಾಗಿ ತೋಡಿದ ಕೆರೆಗೆ ಅಂದೇ ಯಾರಾದರೂ ಮೀನು ಬಿಡುತ್ತಾರೆಯೆ? ಪಾಚಿ ಹಿಡಿದು, ನೀರಿಗೆ ಜೀವ ಬಂದ ಮೇಲಲ್ಲವೆ? ಮಳೆ ಹಿಡಿದ ಮೇಲೆ ಅಳಿವೆಯ ನೀರು ಕಡಲಿನ ನೀರೇ?

ಎರಡು ಪ್ರಶ್ನೆಗಳಲ್ಲಿ ಅವರು ನಮ್ಮ ಎರಡು ತಪ್ಪುಗಳನ್ನೂ ಎತ್ತಿ ತೋರಿಸಿದ್ದರು. ಅಧ್ಯಾಪಕ ತರಬೇತಿಯಲ್ಲಿ 'ಪರಿಚಿತದಿಂದ ಅಪರಿಚಿತಕ್ಕೆ ಹೋಗು' ಎಂಬ ಸೂತ್ರವನ್ನು ನಾವು ಬಾಯಿಪಾಠ ಮಾಡಿದ್ದೆವು. ಅಜ್ಜನವರು ಅದನ್ನು ಮಾಡಿ ತೋರಿಸಿದರು. ಅದೇ ದಾರಿಯಲ್ಲಿ ಸೋದರಿಯ ಪ್ರಶ್ನೆಗೆ ಬರೋಣ.

ಮೀನು ಉಸಿರಾಡುವಾಗಲೇ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರವೂ ಹಿಕ್ಕೆಯೂ ಕೊಳೆತು ಅದನ್ನೇ ಹೆಚ್ಚಿಸುತ್ತವೆ. ವಿಶಾಲವಾದ ಕಡಲಿನಲ್ಲಿ ಇದು ಲೆಕ್ಕಕ್ಕಿಲ್ಲ. 250 ಲೀಟರಿನಲ್ಲಿ ಇದು ವಿಷ. ಅಮೋನಿಯಕ್ಕೆ ಬಣ್ಣವಿಲ್ಲ, ಮೀನನ್ನು ಕೊಲ್ಲುವ ಪ್ರಮಾಣದಲ್ಲಿ ನಮ್ಮ ಮೂಗಿಗೂ ಸಿಕ್ಕದು. ಆದ್ದರಿಂದಲೇ ನೀರು ತಿಳಿಯಾಗಿದ್ದೂ ಮೀನು ಸಾಯುತ್ತದೆ. ಸಿಹಿನೀರಿನ ತೊಟ್ಟಿಗಿಂತ ಉಪ್ಪುನೀರಿನ ತೊಟ್ಟಿಯಲ್ಲಿ ಅಪಾಯ ಹೆಚ್ಚು. ಕಡಲ ನೀರು ಕ್ಷಾರಗುಣದ್ದು. ಅದರ ಪಿಎಚ್ 8.2ರ ಆಸುಪಾಸಿನಲ್ಲಿರುತ್ತದೆ. ಪಿಎಚ್ 7ರ ನೀರಿಗೆ ಹೋಲಿಸಿದರೆ, ಅಷ್ಟೇ ಅಮೋನಿಯದಲ್ಲಿ ವಿಷರೂಪದ ಪಾಲು ಇಲ್ಲಿ ಸುಮಾರು ಹತ್ತು ಪಟ್ಟು.

ಈ ವಿಷವನ್ನು ಉಣ್ಣುವ ಸೂಕ್ಷ್ಮಜೀವಿಗಳು ನಿಸರ್ಗದಲ್ಲಿವೆ. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಆಗಿ ಮಾಡುತ್ತವೆ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿ ಮಾಡುತ್ತವೆ. ನೈಟ್ರೇಟಿನಿಂದ ಅಷ್ಟಾಗಿ ಹಾನಿಯಿಲ್ಲ. ಆಗಾಗ ಸ್ವಲ್ಪ ನೀರು ಬದಲಿಸಿದರೆ ಅದು ಮಿತಿಯಲ್ಲಿರುತ್ತದೆ. ಈ ಎರಡು ಹಂತಗಳ ಜೀವಿಗಳನ್ನು 1890ರ ಸುಮಾರಿಗೆ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದವರು ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ. ಸಾರಜನಕ ಚಕ್ರವೆಂದು ಕರಿಹಲಗೆಯ ಮೇಲೆ ಬಾಣಗಳನ್ನೆಳೆದು ನಾವು ಪ್ರತಿ ವರ್ಷವೂ ಕಲಿಸುತ್ತ ಬಂದ ಪಾಠವಿದು! ಹಲಗೆಯ ಮೇಲಿದ್ದುದು ತೊಟ್ಟಿಯೊಳಗೂ ಇದೆಯೆಂದು ಆ ಐದು ದಿನಗಳಲ್ಲಿ ಒಮ್ಮೆಯೂ ನಮಗೆ ಹೊಳೆಯಲಿಲ್ಲ.

ಈ ಜೀವಿಗಳು ನೀರಿನಲ್ಲಿ ತೇಲಾಡುವುದು ಕಡಿಮೆ. ಮರಳು, ಕಲ್ಲು, ಸ್ಪಂಜುಗಳಿಗೆ ಅಂಟಿಕೊಂಡು ಬಾಳುತ್ತವೆ. ಅವು ಬೆಳೆಯುವುದೂ ನಿಧಾನ. ಇಮ್ಮಡಿಯಾಗಲು ಅರ್ಧ ದಿನವೋ ಒಂದು ದಿನವೋ ಬೇಕು. ಹೊಸ ತೊಟ್ಟಿಯಲ್ಲಿ ಅವುಗಳ ಸಂಸಾರ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಹಿಡಿಯುತ್ತವೆ. ನಮ್ಮ ಗೃಹಿಣಿಯರಿಗೆ ಹೆಪ್ಪಿನ ಗುಣವನ್ನು ಹೇಳಿಕೊಡಬೇಕಾಗಿಲ್ಲ. ಹೆಪ್ಪಿಲ್ಲದ ಹಾಲು ಮೊಸರಾಗದು. ನಾವು ಸ್ಪಂಜನ್ನು ಬಿಳುಪಾಗುವಂತೆ ಹಿಂಡಿದಾಗ, ಆಗಷ್ಟೇ ಹಿಡಿಯತೊಡಗಿದ್ದ ಹೆಪ್ಪನ್ನು ನಳದ ಕೆಳಗೆ ತೊಳೆದು ಚೆಲ್ಲಿದ್ದೆವು. ಆ ನಳದ ನೀರಿಗೆ ಬ್ಲೀಚಿಂಗ್ ಪುಡಿ ಬೇರೆ ಬಿದ್ದಿತ್ತು. ಕ್ಲೋರಿನ್ ಇರುವುದೇ ಸೂಕ್ಷ್ಮಜೀವಿಗಳನ್ನು ಕೊಲ್ಲಲು. ಒಳ್ಳೆಯವು ಕೆಟ್ಟವು ಎಂಬ ಭೇದ ಅದಕ್ಕಿಲ್ಲ.

ಇನ್ನು ಅಳಿವೆಯ ನೀರು. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ; ಸಾಂದ್ರತೆ ಅಳೆಯುವ ಹೈಡ್ರೊಮೀಟರ್ ಅದನ್ನು 1.025ರ ಹತ್ತಿರ ತೋರಿಸುತ್ತದೆ. ಕುಂಬಳೆ, ಶಿರಿಯ, ಉಪ್ಪಳ, ಮಂಜೇಶ್ವರದ ಹೊಳೆಗಳು ಜೂನ್‌ನಲ್ಲಿ ಕೆಂಪಾಗಿ ತುಂಬಿ ಕಡಲಿಗೆ ಸುರಿಯುತ್ತವೆ. ಅಂದು ತಂದ ನೀರಿನಲ್ಲಿ ಉಳಿದಿದ್ದ ಒಂದು ಕ್ಯಾನನ್ನು ಆ ಮೇಲೆ ಅಳೆದಾಗ 1.012 ಬಂತು, ಉಪ್ಪು ಅರ್ಧಕ್ಕರ್ಧ ಇಳಿದಿತ್ತು. ಕಡಲಮೀನಿನ ದೇಹ ಉಪ್ಪುನೀರಿನ ಕಟ್ಟಿಗೆ ಹೊಂದಿಕೊಂಡದ್ದು. ನೀರು ಒಮ್ಮೆಲೇ ಸಪ್ಪೆಯಾದರೆ ತಡೆದುಕೊಳ್ಳಲಾರದು. ನಮ್ಮ ನಾಲ್ಕು ಮೀನುಗಳನ್ನು ಕೊಂದುದರಲ್ಲಿ ಅಮೋನಿಯದ ಪಾಲೆಷ್ಟು, ಸಪ್ಪೆನೀರಿನ ಪಾಲೆಷ್ಟು ಎಂದು ಹಂಚಿ ಹೇಳಲು ಬರುವುದಿಲ್ಲ. ಎರಡೂ ನಮ್ಮ ಕೈಯಿಂದಲೇ ಆದುವು.

ಸೋದರಿಯವರು ಅಡುಗೆ ಉಪ್ಪನ್ನು ಕಲಸಿದರೋ ಕಡಲುಪ್ಪಿನ ಪುಡಿಯನ್ನೋ ಎಂಬುದನ್ನು ಬರೆದಿಲ್ಲ. ಅಡುಗೆ ಉಪ್ಪಾಗಿದ್ದರೆ ಅದೊಂದೇ ಸಾಕು. ಕಡಲ ಲವಣಗಳಲ್ಲಿ ಅಡುಗೆ ಉಪ್ಪಿನ ಅಂಶ ಸುಮಾರು ಮುಕ್ಕಾಲು ಪಾಲು ಮಾತ್ರ; ಉಳಿದುದು ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟಾಸಿಯಂ ಮೊದಲಾದುವುಗಳ ಲವಣಗಳು. ಅವಿಲ್ಲದೆ ಕಡಲಿನ ಜೀವಿ ಬಾಳದು. ಉಪ್ಪನ್ನು ಕಲಸುವುದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿರಲಿ. ಬಚ್ಚಲುಮನೆಯ ತಾಮ್ರದ ಹಂಡೆ ಬೇಡ. ತಾಮ್ರದ ಅಂಶ ಸಿಗಡಿ, ಬಸವನಹುಳುಗಳಿಗೆ ವಿಷ.

ನಮ್ಮ ಎರಡನೆಯ ಯತ್ನವನ್ನು ಪರದೆ ತೆಗೆದು ಮಕ್ಕಳ ಕಣ್ಣೆದುರಿನಲ್ಲಿಯೇ ಮಾಡಿದೆವು. ಮೊದಲು ಎಲ್ಲ ತರಗತಿಗಳನ್ನೂ ಸೇರಿಸಿ ಮೀನುಗಳು ಸತ್ತುವೆಂದೂ ನಾವು ಸುಳ್ಳು ಹೇಳಿದೆವೆಂದೂ ಒಪ್ಪಿಕೊಂಡೆವು. ಆ ಪುಟ್ಟ ಹುಡುಗ ಅಳಲಿಲ್ಲ. "ಗೊತ್ತುಂಟು, ಅಕ್ಕ ಹೇಳಿದ್ದಾಳೆ" ಎಂದನು. ಶಾಲೆಯಲ್ಲಿ ಗುಟ್ಟು ಉಳಿಯುವುದೆಂದು ನಂಬಿದವರು ನಾವೊಬ್ಬರೇ ಇದ್ದಂತಿದೆ.

ಹೊಸ ಕಡಲುಪ್ಪನ್ನು ತರಿಸಿ, ಒಂದು ದಿನ ಗಾಳಿ ಹಾಯಿಸಿ ಕ್ಲೋರಿನ್ ಕಳೆದ ನೀರಿನಲ್ಲಿ ಕಲಸಿ ತುಂಬಿದೆವು. ಮೀನು ಬಿಡಲಿಲ್ಲ. ಅಜ್ಜನವರು ಕೊಟ್ಟ ಸುಲಿದ ಸಿಗಡಿಯ ಚೂರೊಂದನ್ನು ತಳದಲ್ಲಿ ಇಟ್ಟೆವು. ಅದು ಕೊಳೆತು ಅಮೋನಿಯ ಕೊಡುತ್ತದೆ. ಸೂಕ್ಷ್ಮಜೀವಿಗಳಿಗೆ ಅದೇ ಊಟ. ಪರೀಕ್ಷೆಯ ಹನಿಗಳನ್ನು ಹಾಕಿ ಬಣ್ಣ ನೋಡುವ ಕೆಲಸ ಏಳನೆಯ ತರಗತಿಯದು. ಗೋಡೆಯ ಪಟ್ಟಿಯಲ್ಲಿ ಬರೆಯುವುದು ಐದನೆಯ ತರಗತಿಯದು. ನಾಲ್ಕನೆಯ ದಿನ ಅಮೋನಿಯದ ನೀರು ಹಳದಿಯಿಂದ ಹಸುರಿಗೆ ತಿರುಗಿತು. ಸ್ಟಾಫ್ ರೂಮಿನ ಟೀಚರಮ್ಮಂದಿರು ವಾಸನೆಯೆಂದು ಮೂಗು ಮುಚ್ಚಿಕೊಂಡರು. ಹದಿನಾಲ್ಕನೆಯ ದಿನ ನೈಟ್ರೈಟಿನ ಹನಿ ಕಡು ನೇರಳೆಯಾಯಿತು. ಇಪ್ಪತ್ತನೆಯ ದಿನದ ಹೊತ್ತಿಗೆ ಅಮೋನಿಯ ಮತ್ತೆ ಹಳದಿಗಿಳಿಯಿತು. ಆದರೆ ಮರಳಿನ ಮೇಲೆಲ್ಲ ಕಂದು ಲೇಪ ಹರಡಿತು. ತೊಳೆಯಲು ಕೈ ಹಪಹಪಿಸಿತೆಂಬುದು ನಿಜ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ; ಹೊಸ ತೊಟ್ಟಿಗಳಲ್ಲಿ ಬಂದು ಕೆಲವು ವಾರಗಳಲ್ಲಿ ತಾನಾಗಿ ಹೋಗುವಂಥದ್ದು. ಕೈಕಟ್ಟಿ ಕುಳಿತೆವು. ಮೂವತ್ತೆಂಟನೆಯ ದಿನ ನೈಟ್ರೈಟೂ ಸೊನ್ನೆಯಾಯಿತು.

ಅಷ್ಟು ದಿನವೂ ಆ ಹುಡುಗ ಬೆಳಗ್ಗೆ ಬಂದೊಡನೆ ಬರಿಯ ನೀರಿನ ಮುಂದೆ ನಿಂತು "ಇವತ್ತು ಏನು ಬಣ್ಣ?" ಎಂದು ಕೇಳುತ್ತಿದ್ದನು.

ಅರ್ಧದಷ್ಟು ನೀರು ಬದಲಿಸಿ, ಆಟಿ ಮುಗಿಯುವ ಹೊತ್ತಿಗೆ ಎರಡೇ ಎರಡು ಕ್ಲೌನ್ ಮೀನುಗಳನ್ನು ಬಿಟ್ಟೆವು. ಇವು ಕಡಲಿನಿಂದ ಹಿಡಿದವಲ್ಲ, ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದವು. ಕೊಚ್ಚಿಯಲ್ಲಿ ಕೇಂದ್ರಸ್ಥಾನವಿರುವ ಕೇಂದ್ರ ಸಮುದ್ರ ಮತ್ಸ್ಯ ಸಂಶೋಧನಾ ಸಂಸ್ಥೆಯವರು ಇವುಗಳ ಮರಿ ಮಾಡಿಸುವ ವಿಧಾನವನ್ನು ಸಾಧಿಸಿದ್ದಾರೆ. ಅಜ್ಜನವರು ಪ್ರೀತಿಯಿಂದ ಬಲೆಗೆ ಬಿದ್ದ ಕಡಲಕುದುರೆಯೊಂದನ್ನು ತಂದುಕೊಡುವೆನೆಂದಾಗ ಕೈಮುಗಿದು ಬೇಡವೆಂದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಿತ ಪಟ್ಟಿಗೆ ಕಡಲಕುದುರೆಯನ್ನೂ ಹವಳದ ದಿಬ್ಬ ಕಟ್ಟುವ ಜೀವಿಗಳನ್ನೂ 2001ರಲ್ಲಿ ಸೇರಿಸಲಾಗಿದೆ. ಅಂಗಡಿಯವನು ಹವಳದ ಕಲ್ಲನ್ನು ತೋರಿಸಿದರೆ ಸೋದರಿಯವರೂ ಮುಟ್ಟಬಾರದು.

ಸೊಲ್ಲಾಪುರದ ಬೇಸಗೆಗೆ ಇನ್ನೆರಡು ಮಾತು ಹೇಳಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದುದರಿಂದ ಕಡಿಮೆಯಾದಷ್ಟಕ್ಕೆ ಸಿಹಿನೀರನ್ನೇ ತುಂಬಬೇಕು. ಉಪ್ಪುನೀರನ್ನು ತುಂಬುತ್ತ ಹೋದರೆ ತಿಂಗಳೊಳಗೆ ತೊಟ್ಟಿ ಉಪ್ಪಿನಕಾಯಿಯ ಜಾಡಿಯಾದೀತು. ಮತ್ತೆ, ಅದೇ ಶಾಖದ ಸಿಹಿನೀರಿಗಿಂತ ಉಪ್ಪುನೀರು ಆಮ್ಲಜನಕವನ್ನು ಸುಮಾರು ಐದರಲ್ಲೊಂದು ಪಾಲು ಕಡಿಮೆ ಹಿಡಿಯುತ್ತದೆ. ಬಿಸಿಯೇರಿದಷ್ಟೂ ಇನ್ನೂ ಕಡಿಮೆ. ವಿದ್ಯುತ್ತು ಹೋಗಿ ಗಾಳಿಯ ಪಂಪು ನಿಂತರೆ ಮೀನಿನೊಡನೆ ಸೂಕ್ಷ್ಮಜೀವಿಗಳೂ ಉಸಿರುಗಟ್ಟುತ್ತವೆ. ಬ್ಯಾಟರಿಯಿಂದ ನಡೆಯುವ ಚಿಕ್ಕ ಪಂಪೊಂದು ಮನೆಯಲ್ಲಿರಲಿ. ಸ್ಪಂಜು ಕಟ್ಟಿಕೊಂಡರೆ ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆದರೆ ಸಾಕು.

ಪರಿಚಯದವರಲ್ಲಿ ಯಾರಾದರೂ ಆರೋಗ್ಯವಾಗಿರುವ ಹಳೆಯ ಕಡಲತೊಟ್ಟಿಯವರಿದ್ದರೆ ಅವರ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ಬೇಡಿ ತಂದು ನಿಮ್ಮದರ ಜೊತೆಗಿಡಿ. ನೆರೆಮನೆಯಿಂದ ಹೆಪ್ಪು ತರುವಂತೆಯೇ ಇದು. ಹಾಗೆ ತಂದರೂ ಹನಿಗಳ ಪರೀಕ್ಷೆ ತಪ್ಪಿಸಬಾರದು. ಹುಡುಗನ ಕೈಯಲ್ಲಿಯೇ ಬಣ್ಣದ ಪಟ್ಟಿಯನ್ನು ಬರೆಯಿಸಿ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗಿಳಿದ ಮೇಲೆ ಎರಡು ಮೀನು, ಇನ್ನೆರಡು ವಾರ ಕಳೆದು ಬೇಕಾದರೆ ಮತ್ತೊಂದು. ಪಟ್ಟಿಯ ನಕಲನ್ನು ನಮಗೆ ಕಳುಹಿಸಿದರೆ ನಮ್ಮ ಮಕ್ಕಳು ತಮ್ಮದರ ಪಕ್ಕದಲ್ಲಿ ಗೋಡೆಗೆ ಅಂಟಿಸುವರೆಂದು ಹೇಳಿದ್ದಾರೆ.