ಅಜ್ಜನ ಹೆಸರು ಯಾವ ದಫ್ತರದಲ್ಲಿದೆ?

ಕರಾಚಿಗೆ ದುಡಿಯಲು ಹೋದ ಅಜ್ಜನ ಸುದ್ದಿ ಎತ್ತಿದರೆ ಸಾಕು, ಬೆಳಗಾವಿಯ ಮುಸ್ಲಿಮನನ್ನು ಅನುಮಾನದಿಂದ ನೋಡುವವರಿದ್ದಾರೆ. ಅವರಿಗೆ ನಾವು ನೆನಪಿಸಬೇಕಾದದ್ದು ಇಷ್ಟೇ: 1936ರವರೆಗೆ ಬೆಳಗಾವಿಯೂ ಸಿಂಧ್‌ನ ಕರಾಚಿಯೂ ಒಂದೇ ಮುಂಬೈ ಪ್ರಾಂತದಲ್ಲಿದ್ದವು. ಅಂದು ಹೋದವರು ದೇಶವನ್ನಿರಲಿ, ಪ್ರಾಂತವನ್ನೂ ಬಿಟ್ಟವರಲ್ಲ. ನಿಜವಾಗಿ ಗಡಿ ದಾಟಿದವರು ಖಾನಾಪುರದಿಂದ ಗೋವೆಗೆ ಹೋದವರು. 1961ರವರೆಗೆ ಅಲ್ಲಿದ್ದುದು ಪೋರ್ಚುಗೀಸರ ಆಳ್ವಿಕೆ. ಅವರ ಮೇಲೆ ಯಾರಿಗೂ ಅನುಮಾನವಿಲ್ಲ!

ಹಾಗಾದರೆ ಕಾಗದ ತೋರಿಸಿ ಎನ್ನುತ್ತಾರೆ. ಯಾವ ಕಾಗದ? ಹಳೆಯ ಕಂದಾಯ ದಾಖಲೆಗಳಲ್ಲಿ ಎಷ್ಟೋ ಮೋಡಿ ಲಿಪಿಯಲ್ಲಿವೆ. ಶಾಲೆಯದು ಒಬ್ಬರಿಗೆ ಮರಾಠಿಯಲ್ಲಿ, ಇನ್ನೊಬ್ಬರಿಗೆ ಉರ್ದುವಿನಲ್ಲಿ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಕಚೇರಿಯ ಭಾಷೆಯೂ ಬದಲಾಯಿತು. ಒಬ್ಬನೇ ಅಬ್ದುಲ್ ಖಾದರ್ ಒಂದು ಕಡೆ ಅಬ್ದುಲ, ಇನ್ನೊಂದು ಕಡೆ ಕಾದರಸಾಬ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದು ಕಾಯ್ದೆ ಬಂದದ್ದೇ 1969ರಲ್ಲಿ. ಪ್ರಾಂತ, ಲಿಪಿ ಬದಲಿಸಿದವರು ಆಳುವವರು. ಲೆಕ್ಕ ಒಪ್ಪಿಸಬೇಕಾದವನು ಮೊಮ್ಮಗನೇ?

ನಮ್ಮವರಿಗೂ ಒಂದು ಮಾತು. ಕೂಲಿ ಮಾಡಿದ ಅಜ್ಜನನ್ನು ಮರೆಮಾಚಿ ಅರಬಸ್ತಾನದಿಂದ ವಂಶವೃಕ್ಷ ಇಳಿಸುವ ಶೋಕಿ ಸಾಕು. ಅಂಥ ಶಜರಾ ಯಾವ ಕಚೇರಿಯಲ್ಲೂ ನಡೆಯುವುದಿಲ್ಲ. ಜಮಾಅತ್‌ಗಳು ಮೊದಲು ಮಸೀದಿಯ ನಿಕಾಹ್ ದಫ್ತರಗಳನ್ನು ಗೆದ್ದಲಿನಿಂದ ಉಳಿಸಲಿ. ಸರಕಾರ ಮೋಡಿ ಓದಬಲ್ಲವರನ್ನು ತಾಲೂಕು ಕಚೇರಿಗಳಿಗೆ ಕಳಿಸಲಿ. ಅಲ್ಲಿಯವರೆಗೆ, ಅರ್ಧ ಬರೆದ ದಫ್ತರವನ್ನು ಹಿಡಿದು ಯಾರ ದೇಶ ಯಾವುದೆಂದು ತೀರ್ಪು ಕೊಡುವ ಹಕ್ಕು ಯಾರಿಗೂ ಇಲ್ಲ.